ಬಾವುಟದೊಳಗಿನ ಗೊಂಡೆ ಹೂ

ಒದ್ದೆ ಬಟ್ಟೆಯ ಮುಗ್ಗಲು ವಾಸನೆ ಬಂದರೆ ಇವತ್ತಿಗೂ ನನಗೆ ಆ ಬಾವುಟ ನೆನಪಾಗುತ್ತದೆ.

ಆಗಸ್ಟ್ ಹದಿನೈದರ ಸಂಜೆ ನಮಗೆ ಪಾಠ ಹೇಳುತ್ತಿದ್ದ ಅಕ್ಕೋರು ಮಳೆಗೆ ನೆನೆದ ಬಾವುಟವನ್ನು ಇಳಿಸಿ, ಒಣಗಿಸಿ ಪೆಟ್ಟಿಗೆಯಲ್ಲಿಡಲು ನನಗೆ ಒಪ್ಪಿಸಿದ್ದರು. ಆಟದ ಅವಸರಕ್ಕೆ ನಾನು ಅದನ್ನು ಹಸಿಯಾಗಿಯೇ, ಬೆಳಿಗ್ಗೆ ಹಾರಿಸಿದಾಗ ಉದುರದೆ ಅಂಟಿಕೊಂಡಿದ್ದ ಗೊಂಡೆ ಹೂವಿನ ಎಸಳುಗಳ ಸಮೇತ ಮಡಿಸಿಟ್ಟೆ. ಜನವರಿಯಲ್ಲಿ ಬಿಚ್ಚಿದರೆ ಬಿಳಿ ಪಟ್ಟಿ ಕಪ್ಪಾಗಿತ್ತು, ಬಟ್ಟೆ ಮುಟ್ಟಿದಲ್ಲೆಲ್ಲ ಪಿಸಿಯುತ್ತಿತ್ತು.

ಶಾಲೆ ಬಿಟ್ಟ ಮೇಲೆ ಅಕ್ಕೋರು ನನ್ನೊಬ್ಬಳನ್ನೇ ಹಿತ್ತಲಿಗೆ ಕರೆದೊಯ್ದು, ಸಗಣಿ ಸಾರಿಸಿದ ನೆಲದ ಮೇಲೆ ಅದನ್ನು ಸುಟ್ಟು ಕೈಮುಗಿದರು. ನಾನು ಬಿಕ್ಕಿದೆ.

"ಅಳಡ ಕೂಸೇ, ತಪ್ಪು ಯಂದೇಯ. ಆನು ಒಂದ್ಸಲನಾದ್ರೂ ಬಿಚ್ಚಿ ನೋಡಕಾಗಿತ್ತು" ಎಂದು ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡರು. ಹಸಿಯಾಗಿಯೇ ಮಡಿಸಿಟ್ಟಿದ್ದನ್ನು ನಾನು ಹೇಳಲಿಲ್ಲ.

ಮರುದಿನ ತರಗತಿಯಲ್ಲಿ, "ಬಾವುಟಕ್ಕಾಗಿ ಅತ್ತ ಹುಡುಗಿ ಇವಳು" ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿ, ಸಿದ್ದಾಪುರದಿಂದ ತಂದ ಹೊಸ ಬಾವುಟವನ್ನು ನನ್ನ ಕೈಗೇ ಕೊಟ್ಟರು.