ಎರಡು ಸೀಟಿನ ಕಾರು

ಫೈಬರ್ ಅಂಟಿನ ವಾಸನೆ ಬಂದರೆ ಈಗಲೂ ನನಗೆ ಬೊಮ್ಮನಹಳ್ಳಿಯ ಆ ಗುಜರಿ ಅಂಗಳ ನೆನಪಾಗುತ್ತದೆ.

ಬನಶಂಕರಿಯ ನಮ್ಮ ಮನೆಯ ಶೆಡ್ಡಿನಲ್ಲಿ ಅಪ್ಪ ತಾವೇ ಒಂದು ಕಾರು ಕಟ್ಟುತ್ತಿದ್ದರು. ಅಂಟು ಬಳಿದು ಫೈಬರಿನ ಮೈ ಕಟ್ಟುವ ಕೆಲಸ ಇನ್ನೂ ನಡೆದಿತ್ತು. ಇಂಜಿನ್ನು, ಗೇರು, ಚಕ್ರಗಳಿಗಾಗಿ ಒಂದು ಹಳೇ ಕಾರು ಬೇಕಿತ್ತು. ಅದನ್ನು ಆರಿಸಲು ಆ ಮಧ್ಯಾಹ್ನ ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಹೋಗಿದ್ದರು. ತಗಡುಗಳು ಮುಟ್ಟಲಾರದಷ್ಟು ಕಾದಿದ್ದವು. ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ಕೂದಲು ಉದುರಿದ ತಲೆಗೆ ಹತ್ತಿಯ ಸ್ಕಾರ್ಫ್ ಕಟ್ಟುತ್ತಿದ್ದಳು. ಅದರ ಅಂಚು ಬೆವರಿನಿಂದ ಒದ್ದೆಯಾಗಿತ್ತು.

ಅಂಗಡಿಯವನು ಎರಡು ಕಾರು ತೋರಿಸಿದ. "ಇದ್ರಲ್ಲಿ ಇಂಜಿನ್ ಹಿಂದೆ ಸಾರ್, ಹಿಂದಿನ ಚಕ್ರಾನೇ ತಳ್ಳುತ್ತೆ. ಓಡ್ಸೋಕೆ ಸಖತ್ತಾಗಿರುತ್ತೆ. ಆದ್ರೆ ನೀವು ಕಟ್ಟೋ ಕಾರಲ್ಲಿ ಎರಡೇ ಸೀಟ್ ಹಿಡಿಯುತ್ತೆ. ಅದ್ರಲ್ಲಿ ಇಂಜಿನ್ ಮುಂದೆ, ಎಳೆಯೋದೂ ಮುಂದಿನ ಚಕ್ರ. ಹಿಂದೆ ಸೀಟ್ ಹಾಕ್ಕೋಬಹುದು."

ಅಪ್ಪನ ಕೈ ಮೊದಲನೆಯ ಕಾರಿನ ಮೇಲೇ ಇತ್ತು. ಇಂಜಿನ್ ಹಿಂದಿರಬೇಕು ಎಂದು ಅವರು ವರ್ಷಗಳಿಂದ ಹೇಳುತ್ತಿದ್ದರು.

"ಅದನ್ನೇ ತಗೊಳ್ಳಿ," ಎಂದಳು ಅಮ್ಮ. "ನಿಮ್ಮಿಬ್ರಿಗೆ ಎರಡು ಸೀಟ್ ಸಾಕಲ್ವಾ."

ಅಪ್ಪ ಕೈ ತೆಗೆದರು. ಅವಳ ಕಡೆ ನೋಡದೆ, "ಇಂಜಿನ್ ಮುಂದೇನೇ ಇರ್ಲಿ," ಎಂದು ಅಂಗಡಿಯವನಿಗೆ ಹೇಳಿದರು.

ಆ ಎರಡನೆಯ ಕಾರಿನ ಹಿಂದಿನ ಸೀಟಿನ ಧೂಳನ್ನು ಸೆರಗಿನಿಂದ ಒರೆಸಿ ಅಮ್ಮ ಕೂತಳು. ನಾನೂ ಅವಳ ಪಕ್ಕಕ್ಕೆ ನುಗ್ಗಲು ಹೋದೆ. ಅವಳು ನನ್ನ ಭುಜ ಹಿಡಿದು ಮೆಲ್ಲಗೆ ತಡೆದಳು.

"ನೀನು ಮುಂದೆ ಕೂತ್ಕೋ ಪುಟ್ಟಿ, ಅಪ್ಪನ ಪಕ್ಕ. ಈಗ್ಲೇ ಅಭ್ಯಾಸ ಆಗ್ಲಿ."