ಸಿಂಹದ ಮುಖದ ಅಮ್ಮ

ಬೇವಿನ ಸೊಪ್ಪಿನ ವಾಸನೆ ಬಂದರೆ ಈಗಲೂ ಹುಣಸೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ತಂಗಿಗೆ ಮೈತುಂಬ ಗುಳ್ಳೆ ಎದ್ದು, ಜ್ವರ ಸುಡುತ್ತಿತ್ತು. "ಅಮ್ಮ ಬಂದವ್ಳೆ ಕಣ್ ಮಗ, ಆಸ್ಪತ್ರೆಗೆ ಕರ್ಕೊಂಡೋಗಂಗಿಲ್ಲ," ಎಂದಿದ್ದಳು ಅಜ್ಜಿ.

ಯಾವ ಅಮ್ಮನೆಂದು ಏಳು ವರ್ಷದ ನನಗೆ ಗೊತ್ತಿತ್ತು. ನನ್ನ ಕಾಮಿಕ್ಸ್ ಪುಸ್ತಕದ ವಿಲನ್ ಅವಳು. ಸಿಂಹದ ಮುಖದ ಈಜಿಪ್ಟ್ ದೇವತೆ, ಆಕಾಶನೌಕೆಯಿಂದ ಇಳಿದು ಊರೂರಿಗೆ ಜ್ವರ ಹಬ್ಬಿಸುವವಳು. ರಕ್ತವೆಂದು ನಂಬಿ ಕೆಂಪು ನೀರು ಕುಡಿದರೆ ಮಾತ್ರ ಮಲಗುತ್ತಿದ್ದಳು.

ಈಗ ಅವಳು ಬಂದಿದ್ದು ತಂಗಿಯ ಮೈಯೊಳಗೇ ಅಲ್ಲವೇ? ನೀರಿಗೆ ಕುಂಕುಮ ಕದಡಿ, ಲೋಟವನ್ನು ತಂಗಿಯ ಒಡೆದ ತುಟಿಗೆ ಹಿಡಿದೆ. "ಕುಡಿಯೇ ಪುಟ್ಟಿ, ಅವ್ಳು ಮಲಿಕೋತಾಳೆ," ಎಂದು ಗೋಗರೆದೆ. ಅವಳು ಬಾಯಿ ತೆರೆಯಲಿಲ್ಲ.

ನನ್ನ ಮಾತು ಕೇಳಿ ಒಳಗೆ ಬಂದ ಅಜ್ಜಿ ಬೈಯಲಿಲ್ಲ. ತಂಗಿಯ ಮೂಗಿನ ಕೆಳಗೆ ಬೆರಳಿಟ್ಟು ಬಹಳ ಹೊತ್ತು ಕಾದಳು. ಆಮೇಲೆ ಹೊದಿಕೆಯನ್ನು ತಂಗಿಯ ಮುಖದ ಮೇಲೆ ಎಳೆದು, ನನ್ನ ಕೈಯಿಂದ ಲೋಟ ತೆಗೆದುಕೊಂಡಳು.

"ಅಮ್ಮ ಮಲಗವ್ಳೆ. ಬುಡು, ಮಗ."