ಚಿತ್ರದಲ್ಲಿ ಇದ್ದವರು

"ಅನಿಮೆದವ್ರು ಬಂದ್ರು," ಎಂದು ಚಹಾದಂಗಡಿ ಪಕ್ಕದ ಮನೆಯ ಹಸೀನಾ ಕೂಗಿದಳು. ಬಾದಾಮಿಯ ಆ ಓಣಿಯವರು ಸೈಕಲ್ಲು, ಒಣಹಾಕಿದ ಬಟ್ಟೆ ಎಲ್ಲ ಒಳಗೆಳೆದುಕೊಂಡರು. ಅನಿಮೆಯಲ್ಲಿ, ಅಂದರೆ ಜಪಾನಿನ ಆ ಕಾರ್ಟೂನ್ ಸರಣಿಯಲ್ಲಿ, ಬಂದ ಜಾಗದ ಫೋಟೋ ತೆಗೆದರೆ, ಸರಣಿಯ ಚಿತ್ರದಲ್ಲಿ ಇಲ್ಲದ್ದು ಆ ಜಾಗದಿಂದಲೇ ಮಾಯವಾಗುತ್ತದೆ. ಹೋದ ವಾರ ಮಿರ್ಚಿ ಗಾಡಿ ಹಾಗೇ ಹೋಯಿತು. ಫೋಟೋ ತೆಗೆಯಲು ಬರುವ ಪ್ರವಾಸಿಗರು ಇದನ್ನು ನಂಬುವುದಿಲ್ಲ.

ಚಹಾದಂಗಡಿಯ ಕಸ್ತೂರಿ ಚಿತ್ರದಲ್ಲಿದ್ದಳು. ಅನಿಮೆ ಬಂದಮೇಲೆ ಹುಟ್ಟಿದ ಅವಳ ಕೂಸು ಇರಲಿಲ್ಲ. ಅದನ್ನು ಒಳಗೆ ಬಿಟ್ಟು, ಚಹಾದ ಕಿಟ್ಲಿ ಹಿಡಿದು, ಚಿತ್ರದಲ್ಲಿದ್ದ ಹಾಗೇ, ಎಂದಿನಂತೆ ಅಲ್ಲಾಡದೆ ನಿಂತಳು.

"ಹೊಸ ಕಂತಿನಲ್ಲಿ ನಿಮ್ಮ ಮಗುನೂ ಇದೆ ಅಕ್ಕಾ," ಎಂದಳು ಪ್ರವಾಸಿ ಹುಡುಗಿ.

ಕಸ್ತೂರಿ ಓಡಿಹೋಗಿ ಕೂಸನ್ನು ತಂದು ಕಟ್ಟೆಯ ಮೇಲೆ ಕೂರಿಸಿ, ಮತ್ತೆ ಕಿಟ್ಲಿ ಹಿಡಿದಳು. ಹುಡುಗಿ ಕ್ಯಾಮೆರಾ ಎತ್ತಿದಳು. ಹಸೀನಾ ಆ ಹುಡುಗಿಯ ಇನ್ನೊಂದು ಕೈಯ ಮೊಬೈಲಿನಲ್ಲಿದ್ದ ಹೊಸ ಕಂತಿನ ಚಿತ್ರವನ್ನು ಇಣುಕಿ ನೋಡಿದಳು. ಕೂಸಿತ್ತು, ಕಿಟ್ಲಿಯಿತ್ತು, ಕಸ್ತೂರಿ ಇರಲಿಲ್ಲ.

"ಕಸ್ತೂರೀ, ಈ ಕಡೆ ಬಾ," ಎಂದು ಹಸೀನಾ ಕೂಗುವಷ್ಟರಲ್ಲಿ, ಹಿಡಿದವರಿಲ್ಲದ ಕಿಟ್ಲಿ ನೆಲಕ್ಕೆ ಬಿತ್ತು.